ಮೂವತ್ತಾರು ಹಲ್ಲೋ, ಮೂವತ್ತೇಳೋ: ಟೈರ್ ಮತ್ತು ಗೇರ್ ಬದಲಿಸಿದ ಮೇಲೆ ಮೀಟರ್ ಸರಿಪಡಿಸಿದ ಒಂದು ಪ್ರಕರಣ

ಲೀಟರಿಗೆ 9.6 ಕಿ.ಮೀ. ಕೊಡುತ್ತಿದ್ದ ನನ್ನ ವಾಹನ, ಡಿಫರೆನ್ಷಿಯಲ್‌ನ (ಎಂಜಿನ್ನಿನ ಚಾಲನೆಯನ್ನು ಎಡ ಬಲದ ಚಕ್ರಗಳಿಗೆ ಹಂಚುವ ಭಾಗದ) ಗೇರ್ ಬದಲಿಸಿದ ಮೇಲೆ 10.4 ಕಿ.ಮೀ. ಕೊಡತೊಡಗಿತು. ಮೊದಲ ಸಲ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದಾಗ ಸಂತೋಷವಾಯಿತು; ನಾಲ್ಕನೆಯ ಸಲವೂ ಅದೇ ಅಂಕಿ ಬಂದಾಗ ಅನುಮಾನ ಹುಟ್ಟಿತು. ನಾನು ಹಾಕಿಸಿದ್ದು ಏರಿನಲ್ಲಿ ಎಳೆತ ಹೆಚ್ಚಿಸುವ, ಅದಕ್ಕಾಗಿ ಎಂಜಿನ್ನನ್ನು ಹೆಚ್ಚು ಸುತ್ತು ತಿರುಗಿಸುವ ಗೇರ್. ಒಂದೇ ವೇಗಕ್ಕೆ ಎಂಜಿನ್ ಮೊದಲಿಗಿಂತ ಶೇ. 10ರಷ್ಟು ಹೆಚ್ಚು ತಿರುಗುತ್ತಿರುವಾಗ ಇಂಧನ ಉಳಿಯುವುದಕ್ಕೆ ಕಾರಣವೇ ಇರಲಿಲ್ಲ. ಮೈಲೇಜ್ ಎನ್ನುವುದು ಎರಡು ಅಳತೆಗಳ ಭಾಗಾಕಾರ: ಇಂಧನದ ಅಳತೆಯನ್ನು ಪಂಪಿನ ಮೀಟರ್ ಕೊಡುತ್ತದೆ, ದೂರದ ಅಳತೆಯನ್ನು ವಾಹನದ ಓಡೋಮೀಟರ್ ಕೊಡುತ್ತದೆ. ಮೊದಲನೆಯದು ಬೇರೆ ಬೇರೆ ಪಂಪುಗಳಲ್ಲಿ ಒಂದೇ ರೀತಿ ತಪ್ಪುವುದು ಅಸಂಭವ. ಆದ್ದರಿಂದ ಸಂಶಯ ಎರಡನೆಯದರ ಮೇಲೆ ನಿಂತಿತು.

ವಾಹನದ ಪೂರ್ವ ವೃತ್ತಾಂತ

ಇದು ನಾಲ್ಕೂ ಚಕ್ರಗಳಿಗೆ ಚಾಲನೆ ಕೊಡಬಲ್ಲ, ಕೇಬಲ್ ಮೀಟರಿನ ಹಳೆಯ ವಾಹನ. ಕಾರ್ಖಾನೆಯಿಂದ ಬಂದಾಗ ಇದಕ್ಕಿದ್ದದ್ದು 215/75 ಆರ್ 15 ಅಳತೆಯ (215 ಮಿ.ಮೀ. ಅಗಲ, ಪಕ್ಕದ ಎತ್ತರ ಅದರ ಶೇ. 75, 15 ಇಂಚಿನ ರಿಮ್) ಟೈರ್ ಮತ್ತು 3.73ರ ಆಕ್ಸಲ್ ಅನುಪಾತ. ಎಂದರೆ ಡಿಫರೆನ್ಷಿಯಲ್‌ನ ದೊಡ್ಡ ಹಲ್ಲುಚಕ್ರವಾದ ಕ್ರೌನ್ ವೀಲಿಗೆ 41 ಹಲ್ಲು, ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರವಾದ ಪಿನಿಯನ್ನಿಗೆ 11 ಹಲ್ಲು; ಚಕ್ರ ಒಂದು ಸುತ್ತು ಬರಲು ಪಿನಿಯನ್ 3.73 ಸುತ್ತು ತಿರುಗಬೇಕು. ಮೊದಲು ನಾನು ಟೈರ್ ಬದಲಿಸಿ, 31 ಇಂಚು ವ್ಯಾಸದ, 10.5 ಇಂಚು ಅಗಲದ ಟೈರುಗಳನ್ನು ಅದೇ 15 ಇಂಚಿನ ರಿಮ್ಮಿಗೆ ಹಾಕಿಸಿದೆ. ಟೈರ್ ದೊಡ್ಡದಾದಷ್ಟೂ ಅದೇ ದೂರಕ್ಕೆ ಚಕ್ರ ಕಡಿಮೆ ಸುತ್ತುವುದರಿಂದ ಮೀಟರ್ ಕಡಿಮೆ ತೋರಿಸತೊಡಗಿತು. ಓಡೋಮೀಟರಿನ ಲೆಕ್ಕದಲ್ಲಿ 910 ಕಿ.ಮೀ. ಓಡಿದ ಮೇಲೆ ಗ್ಯಾರೇಜಿಗೆ ಒಯ್ದೆ. ಅಲ್ಲಿಯವರು ಟೈರುಗಳ ವ್ಯಾಸವನ್ನು ಹೋಲಿಸಿ, ಮೀಟರ್ ಕೇಬಲನ್ನು ತಿರುಗಿಸುವ 36 ಹಲ್ಲಿನ ಪಿನಿಯನ್ ತೆಗೆದು 32 ಹಲ್ಲಿನದನ್ನು ಕೂರಿಸಿದರು.

ಇದಾದ ಮೇಲೆ ಮೀಟರಿನಲ್ಲಿ ಇನ್ನೂ 5,120 ಕಿ.ಮೀ. ಸೇರಿದವು. ಅಷ್ಟರಲ್ಲಿ ಹೊಸ ಟೈರಿನ ಭಾರ ಮತ್ತು ಎತ್ತರದಿಂದಾಗಿ ವಾಹನ ಏರಿನಲ್ಲಿ ಸೋಲುತ್ತಿದ್ದದ್ದು ಸ್ಪಷ್ಟವಾಗಿತ್ತು. ಹಿಂದಿನ ಮತ್ತು ಮುಂದಿನ ಎರಡೂ ಆಕ್ಸಲ್‌ಗಳಲ್ಲಿ ಕ್ರೌನ್ ವೀಲ್ ಮತ್ತು ಪಿನಿಯನ್ ಜೋಡಿಯನ್ನು ಬದಲಿಸಿ 41ಕ್ಕೆ 10 ಹಲ್ಲಿನ, ಎಂದರೆ 4.10 ಅನುಪಾತದ ಜೋಡಿ ಹಾಕಿಸಿದೆ. (ಒಂದೇ ಆಕ್ಸಲಿನಲ್ಲಿ ಬದಲಿಸುವುದು ಇಂಥ ವಾಹನದಲ್ಲಿ ಸಲ್ಲದು, ನಾಲ್ಕೂ ಚಕ್ರಗಳ ಚಾಲನೆಯಲ್ಲಿದ್ದಾಗ ಎರಡು ಆಕ್ಸಲ್‌ಗಳು ಒಂದನ್ನೊಂದು ಎಳೆದಾಡಿ, ಎರಡಕ್ಕೂ ಚಾಲನೆ ಹಂಚುವ ಟ್ರಾನ್ಸ್‌ಫರ್ ಕೇಸನ್ನೇ ಹಾಳುಮಾಡುತ್ತವೆ.) ಈ ಕೆಲಸ ನಡೆದದ್ದು ಬೇರೊಂದು ಗ್ಯಾರೇಜಿನಲ್ಲಿ. ಹಿಂದೆ ಮೀಟರ್ ಪಿನಿಯನ್ ಬದಲಾಗಿದೆಯೆಂಬುದು ಅಲ್ಲಿಯವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಅದರ ನಂತರ ಮೀಟರ್ 9,000 ಕಿ.ಮೀ. ಏರಿದಾಗ ಮೈಲೇಜಿನ ಅನುಮಾನ ಬಂದದ್ದು.

ಎರಡೂ ಗ್ಯಾರೇಜಿನವರು ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ಟೈರ್ ಬದಲಾದಾಗ 32 ಹಲ್ಲಿನ ಪಿನಿಯನ್ ಸರಿಯಾದ ಉತ್ತರವೇ ಆಗಿತ್ತು. ಆಕ್ಸಲ್ ಬದಲಾದ ಕ್ಷಣದಿಂದ ಅದು ತಪ್ಪು ಉತ್ತರವಾಯಿತು.

ಮೀಟರ್ ಎಲ್ಲಿಂದ ಎಣಿಸುತ್ತದೆ

ಇಂಥ ತೊಂದರೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು, ಆದರೆ ಹೆಚ್ಚಿನವರು ಕ್ಯಾಲ್ಕ್ಯುಲೇಟರ್ ಹಿಡಿದು ಟೈರಿನ ವ್ಯಾಸದಿಂದಲೇ ಶುರುಮಾಡುತ್ತಾರೆ. ನನ್ನ ವಾಹನದಲ್ಲಿ ಟ್ರಾನ್ಸ್‌ಫರ್ ಕೇಸಿನಿಂದ ಹಿಂದಿನ ಆಕ್ಸಲಿಗೆ ಹೊರಡುವ ಶಾಫ್ಟಿನ ಮೇಲೆ 13 ಹಲ್ಲಿನ ಒಂದು ಸಣ್ಣ ಗೇರ್ ಇದೆ. ಅದು ಪಕ್ಕದಲ್ಲಿರುವ ಪ್ಲಾಸ್ಟಿಕ್ಕಿನ ಮೀಟರ್ ಪಿನಿಯನ್ನನ್ನು ತಿರುಗಿಸುತ್ತದೆ, ಪಿನಿಯನ್ ಕೇಬಲನ್ನು ತಿರುಗಿಸುತ್ತದೆ. ಅಂದರೆ ಈ ಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನಲ್ಲ, ಡಿಫರೆನ್ಷಿಯಲ್‌ಗೆ ಮೊದಲು ಸಿಗುವ ಪ್ರೊಪೆಲ್ಲರ್ ಶಾಫ್ಟಿನ ಸುತ್ತುಗಳನ್ನು. ಹಾಗಾಗಿ ಟೈರ್ ಮತ್ತು ಆಕ್ಸಲ್ ಅನುಪಾತ ಎರಡೂ ಅದರ ಲೆಕ್ಕವನ್ನು ಬದಲಿಸುತ್ತವೆ, ಅದೂ ವಿರುದ್ಧ ದಿಕ್ಕಿನಲ್ಲಿ: ದೊಡ್ಡ ಟೈರ್ ಶಾಫ್ಟಿನ ಸುತ್ತನ್ನು ಕಡಿಮೆ ಮಾಡುತ್ತದೆ, ದೊಡ್ಡ ಅನುಪಾತ ಹೆಚ್ಚು ಮಾಡುತ್ತದೆ.

ಇದೇ ಟೈರ್, ಇದೇ ಗೇರ್ ಬದಲಾವಣೆ ಚಕ್ರಗಳಲ್ಲೇ ಸೆನ್ಸರ್ ಇರುವ ವಾಹನದಲ್ಲಿ ನಡೆದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು. ಬ್ರೇಕ್ ಹಾಕಿದಾಗ ಚಕ್ರ ಸಿಲುಕಿ ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ಸೆನ್ಸರುಗಳಿಂದ ವೇಗ ತೆಗೆದುಕೊಳ್ಳುವ ವಾಹನಕ್ಕೆ ಆಕ್ಸಲ್ ಅನುಪಾತ ಏನೇ ಇದ್ದರೂ ಲೆಕ್ಕ ಕೆಡುವುದಿಲ್ಲ. ಟೈರಿನಿಂದ ಬಂದ ದೋಷ ಮಾತ್ರ ಪೂರ್ತಿಯಾಗಿ ಉಳಿಯುತ್ತದೆ. ಅಂಥ ಕಡೆ ಕಂಟ್ರೋಲ್ ಯೂನಿಟ್ಟಿನಲ್ಲಿ ಟೈರಿನ ಸುತ್ತಳತೆಯನ್ನು ಹೊಸದಾಗಿ ದಾಖಲಿಸುವುದೇ ಸರಿಯಾದ ದಾರಿ. ಗೇರ್‌ಬಾಕ್ಸಿನ ಹೊರಶಾಫ್ಟಿನಲ್ಲಿ ಸೆನ್ಸರ್ ಇರುವ ವಾಹನಗಳಿಗೆ, ಸೆನ್ಸರಿನ ಪಲ್ಸ್‌ಗಳನ್ನು ಬೇಕಾದ ಅನುಪಾತಕ್ಕೆ ಹೆಚ್ಚು ಕಡಿಮೆ ಮಾಡಿ ಮುಂದಕ್ಕೆ ಕಳಿಸುವ ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಸಿಗುತ್ತವೆ. ಅದನ್ನು ಜೋಡಿಸುವಾಗ ಆ ಸಂಕೇತವನ್ನು ಮೀಟರ್ ಬಿಟ್ಟು ಇನ್ನು ಯಾವುದು ಬಳಸುತ್ತಿದೆ ಎಂದು ನೋಡಿಕೊಳ್ಳಬೇಕು, ಏಕೆಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಯಾವಾಗ ಗೇರ್ ಬದಲಿಸಬೇಕೆಂದು ನಿರ್ಧರಿಸುವುದೂ ಎಷ್ಟೋ ವಾಹನಗಳಲ್ಲಿ ಅದೇ ಸೆನ್ಸರಿನಿಂದ.

ಮೀಟರಿನ ಒಳಗೆ ಎರಡು ಯಂತ್ರಗಳಿವೆ ಎಂಬುದನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಮುಂದಿನ ನಿರ್ಧಾರವೆಲ್ಲ ಅದರ ಮೇಲೆ ನಿಂತಿದೆ. ಕೇಬಲಿನ ತುದಿಯಲ್ಲಿ ಒಂದು ಅಯಸ್ಕಾಂತ ತಿರುಗುತ್ತದೆ. ಅದನ್ನು ಸುತ್ತುವರಿದ, ಆದರೆ ಅದಕ್ಕೆ ತಾಗದ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ, ಬಟ್ಟಲು ಅಯಸ್ಕಾಂತದ ಜೊತೆ ತಿರುಗಲು ಯತ್ನಿಸುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಎಳೆತ ಮತ್ತು ತಡೆ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಅದೇ ವೇಗದ ಓದು. 1902ರಲ್ಲಿ ಓಟ್ಟೊ ಶುಲ್ಟ್ಸೆ ಪೇಟೆಂಟ್ ಪಡೆದ ಈ ತತ್ವ ನೂರು ವರ್ಷ ಕಳೆದರೂ ಇಂಥ ಮೀಟರುಗಳಲ್ಲಿ ಹಾಗೆಯೇ ಇದೆ. ಓಡೋಮೀಟರ್ ಮಾತ್ರ ಹಾಗಲ್ಲ. ಅದೇ ಕೇಬಲಿನಿಂದ ವರ್ಮ್ ಗೇರುಗಳ ಮೂಲಕ ಅಂಕಿಯ ಚಕ್ರಗಳು ಹಲ್ಲಿಗೆ ಹಲ್ಲು ಕೂಡಿ ತಿರುಗುತ್ತವೆ. ಅಯಸ್ಕಾಂತ ಮುಪ್ಪಾಗಿ ಬಲ ಕಳೆದುಕೊಳ್ಳಬಹುದು, ಸ್ಪ್ರಿಂಗ್ ಸಡಿಲವಾಗಬಹುದು, ಮುಳ್ಳನ್ನು ಕಿತ್ತು ತಪ್ಪು ಜಾಗದಲ್ಲಿ ಒತ್ತಿರಬಹುದು. ಹಲ್ಲುಗಳ ಎಣಿಕೆ ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಗೇರಿನಿಂದ ಹುಟ್ಟಿದ ದೋಷವನ್ನು ಅಳೆಯಲು ನಂಬಬೇಕಾದದ್ದು ಮುಳ್ಳನ್ನಲ್ಲ, ಓಡೋಮೀಟರನ್ನು.

ಅಳತೆ

ಮೊದಲು ದೂರವನ್ನು ಅಳೆದೆ. ಒಂದೇ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ ಹೋಲಿಸುವುದು ವ್ಯರ್ಥ. ರಸ್ತೆಯ ತಿರುವು ನೇರ ಮಾಡಿದಾಗ, ಅಗಲಗೊಳಿಸಿದಾಗ ಕಲ್ಲುಗಳು ಆಚೀಚೆ ಆಗಿರುತ್ತವೆ. ಓಡೋಮೀಟರಿನ ಕೊನೆಯ ಅಂಕಿ ನೂರು ಮೀಟರಿನದು, ಒಂದು ಕಿಲೋಮೀಟರಿನಲ್ಲಿ ಅದೊಂದೇ ಶೇ. 10ರಷ್ಟು ತಪ್ಪಿಗೆ ಎಡೆಮಾಡುತ್ತದೆ. 40 ಕಿ.ಮೀ. ಓಡಿದರೆ ಅದೇ ನೂರು ಮೀಟರ್ ಶೇ. 0.25ಕ್ಕೆ ಇಳಿಯುತ್ತದೆ. ಹೆಚ್ಚು ತಿರುವುಗಳಿಲ್ಲದ ರಸ್ತೆಯಲ್ಲಿ ಅಷ್ಟು ದೂರ ಆರಿಸಿ, ಕಲ್ಲುಗಳ ಲೆಕ್ಕವನ್ನೂ ಜಿಪಿಎಸ್ ದಾಖಲಿಸಿದ ದೂರವನ್ನೂ ಒಟ್ಟಿಗೆ ನೋಡಿದೆ. ತಿರುವುಗಳಲ್ಲಿ ಜಿಪಿಎಸ್ ಬಿಂದುವಿನಿಂದ ಬಿಂದುವಿಗೆ ನೇರ ಗೆರೆ ಎಳೆಯುವುದರಿಂದ ದೂರ ಸ್ವಲ್ಪ ಕಡಿಮೆ ಬರುತ್ತದೆ, ಅದಕ್ಕೇ ನೇರ ರಸ್ತೆ. ಹೋಗುವಾಗ ಓಡೋಮೀಟರ್ 45.0, ಬರುವಾಗಲೂ 45.0 ತೋರಿಸಿತು. 45ನ್ನು 40ರಿಂದ ಭಾಗಿಸಿದರೆ 1.125. ಓಡೋಮೀಟರ್ ಶೇ. 12.5ರಷ್ಟು ಹೆಚ್ಚು ಎಣಿಸುತ್ತಿತ್ತು.

ಮೈಲೇಜಿನ ಗುಟ್ಟು ಆಗಲೇ ಒಡೆಯಿತು. 10.4ನ್ನು 1.125ರಿಂದ ಭಾಗಿಸಿದರೆ 9.2 ಚಿಲ್ಲರೆ. ಗೇರ್ ಬದಲಿಸಿದ್ದಕ್ಕೆ ಮೈಲೇಜ್ ಹೆಚ್ಚಿರಲಿಲ್ಲ, ನಿರೀಕ್ಷೆಯಂತೆ ಕೊಂಚ ಇಳಿದಿತ್ತು.

ಆಮೇಲೆ ವೇಗ. ಸಮತಟ್ಟಾದ ರಸ್ತೆಯಲ್ಲಿ ಒಂದೊಂದು ವೇಗವನ್ನೂ ಅರ್ಧ ನಿಮಿಷದಷ್ಟು ಹೊತ್ತು ಸ್ಥಿರವಾಗಿ ಹಿಡಿದು, ಪಕ್ಕದಲ್ಲಿ ಕುಳಿತವರಿಂದ ಎರಡೂ ಓದುಗಳನ್ನು ಬರೆಸಿದೆ. ವೇಗ ಏರುತ್ತಿರುವಾಗ ಜಿಪಿಎಸ್ ಓದು ಹಿಂದೆ ಬೀಳುವುದರಿಂದ ಸ್ಥಿರ ವೇಗ ಅಗತ್ಯ. ಜಿಪಿಎಸ್ 40 ಎಂದಾಗ ಮುಳ್ಳು 46ರ ಮೇಲೆ, 60 ಎಂದಾಗ 70ಕ್ಕೆ ಕೂದಲೆಳೆಯಷ್ಟು ಕೆಳಗೆ, 80 ಎಂದಾಗ 93ರ ಹತ್ತಿರ ನಿಂತಿತ್ತು. ಮೂರು ಕಡೆಯೂ ತಪ್ಪು ಸುಮಾರು ಶೇ. 16ರ ಪ್ರಮಾಣದಲ್ಲಿದೆ. ಇದು ಮುಖ್ಯವಾದ ಸುಳಿವು. ಎಲ್ಲ ವೇಗಗಳಲ್ಲೂ ಒಂದೇ ಪ್ರಮಾಣದ ತಪ್ಪಿದ್ದರೆ ಹಲ್ಲುಗಳ ಲೆಕ್ಕದಲ್ಲಿ ದೋಷವಿರಬಹುದು. 40ಕ್ಕೂ 6, 80ಕ್ಕೂ 6 ಎಂಬಂತೆ ಒಂದೇ ಮೊತ್ತದ ತಪ್ಪಿದ್ದರೆ ಮುಳ್ಳನ್ನು ತಪ್ಪಾಗಿ ಕೂರಿಸಿರುತ್ತಾರೆ, ಅದನ್ನು ಯಾವ ಪಿನಿಯನ್ನೂ ಸರಿಪಡಿಸಲಾರದು.

ಆದರೆ ದೂರದಲ್ಲಿ ಶೇ. 12.5, ವೇಗದಲ್ಲಿ ಶೇ. 16. ಒಂದೇ ಕೇಬಲಿನಿಂದ ಎರಡು ಬೇರೆ ದೋಷಗಳು ಹೇಗೆ? ಉಳಿದ ಶೇ. 3 (1.16ನ್ನು 1.125ರಿಂದ ಭಾಗಿಸಿದರೆ 1.03) ಮುಳ್ಳಿನದು. ಸ್ಪೀಡೋಮೀಟರ್ ಸ್ವಲ್ಪ ಹೆಚ್ಚೇ ತೋರಿಸುವಂತೆ ತಯಾರಕರು ಅದನ್ನು ಹೊಂದಿಸುತ್ತಾರೆ, ಮತ್ತು ಅದಕ್ಕೆ ಕಾರಣವಿದೆ. ಹಲವು ದೇಶಗಳು ಒಪ್ಪಿರುವ ವಿಶ್ವಸಂಸ್ಥೆಯ 39ನೆಯ ವಾಹನ ನಿಯಮಾವಳಿಯ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಕೂಡದು; ಹೆಚ್ಚು ತೋರಿಸಿದರೆ ಆ ಹೆಚ್ಚಳ ನಿಜವಾದ ವೇಗದ ಹತ್ತನೆಯ ಒಂದು ಭಾಗಕ್ಕೆ 4 ಕಿ.ಮೀ. ಸೇರಿಸಿದ ಮಿತಿಯನ್ನು ದಾಟಕೂಡದು. 80 ಕಿ.ಮೀ. ವೇಗಕ್ಕೆ ಆ ಮಿತಿ 92. ನನ್ನ ಮುಳ್ಳು ಅದನ್ನೂ ದಾಟಿತ್ತು. ಹಿಂದೆ ಟೈರ್ ಮಾತ್ರ ಬದಲಾಗಿದ್ದಾಗಿನ ಸ್ಥಿತಿ ಇದಕ್ಕಿಂತ ಅಪಾಯದ್ದು: ಆಗ ನಿಜವಾದ 80ಕ್ಕೆ ಮುಳ್ಳು 75ನ್ನು ತೋರಿಸುತ್ತಿತ್ತು. ಎಂದರೆ 80 ತೋರಿಸುವವರೆಗೆ ಕಾಲೊತ್ತಿದ ಚಾಲಕ ತನಗೆ ತಿಳಿಯದೆಯೇ 85ರಲ್ಲಿರುತ್ತಿದ್ದ.

ಲೆಕ್ಕ

ಅಳತೆಯಿಂದ ಬಂದ 1.125ನ್ನು ಹಲ್ಲುಗಳಿಂದಲೂ ಪಡೆಯಲು ಸಾಧ್ಯವಾದರೆ ಮಾತ್ರ ಕಾರಣ ಸಿಕ್ಕಿತು ಎನ್ನಬಹುದು. ಅದಕ್ಕೆ ಬೇಕಾದದ್ದು ಟೈರ್ ಒಂದು ಸುತ್ತಿಗೆ ನಿಜವಾಗಿ ಸಾಗುವ ದೂರ.

ಇಲ್ಲಿ ಬಹಳ ಮಂದಿ ಎಡವುವುದನ್ನು ನೋಡಿದ್ದೇನೆ. ನೆಲದಿಂದ ಚಕ್ರದ ನಡುವಿನವರೆಗಿನ ಎತ್ತರವನ್ನು ಅಳೆದು, ಅದನ್ನೇ ತ್ರಿಜ್ಯವೆಂದು ಹಿಡಿದು ಸುತ್ತಳತೆ ಕಂಡುಹಿಡಿಯುತ್ತಾರೆ. ನನ್ನ ವಾಹನದಲ್ಲಿ ಆ ಎತ್ತರ 365 ಮಿ.ಮೀ.; ಅದರಿಂದ ಬರುವ ಸುತ್ತಳತೆ 2,293 ಮಿ.ಮೀ. ಚಕ್ರವನ್ನು ಉರುಳಿಸಿ ಅಳೆದಾಗ ಬಂದದ್ದು 2,382. ಶೇ. 4ಕ್ಕೆ ಸಮೀಪದ ಈ ವ್ಯತ್ಯಾಸ ಅಳತೆಯ ತಪ್ಪಲ್ಲ. ರೇಡಿಯಲ್ ಟೈರಿನ ತುಳಿಪಟ್ಟಿಯ ಕೆಳಗೆ ಉಕ್ಕಿನ ತಂತಿಗಳ ಪಟ್ಟಿ ಇದೆ. ಭಾರ ಬಿದ್ದಾಗ ಟೈರ್ ಕೆಳಗೆ ಚಪ್ಪಟೆಯಾಗಿ ಚಕ್ರದ ನಡು ನೆಲಕ್ಕೆ ಹತ್ತಿರ ಬರುತ್ತದೆ, ಆದರೆ ಆ ಪಟ್ಟಿಯ ಉದ್ದ ಕುಗ್ಗುವುದಿಲ್ಲ. ಯುದ್ಧ ಟ್ಯಾಂಕಿನ ಸರಪಳಿಯಂತೆ ಪೂರ್ತಿ ಉದ್ದವನ್ನೇ ನೆಲಕ್ಕೆ ಹಾಸುತ್ತಾ ಹೋಗುತ್ತದೆ. ಆದ್ದರಿಂದ ಎತ್ತರ ಅಳೆಯುವುದಕ್ಕಿಂತ ಉರುಳಿಸಿ ಅಳೆಯುವುದೇ ಸರಿ.

ಮಾಡಿದ ಕ್ರಮ ಹೀಗೆ. ಗಾಳಿಯ ಒತ್ತಡವನ್ನು ದಿನನಿತ್ಯದ ಮಟ್ಟಕ್ಕೆ ತಂದು, ಚಾಲಕನ ಆಸನದಲ್ಲಿ ಒಬ್ಬರನ್ನು ಕೂರಿಸಿ, ಹಿಂದಿನ ಟೈರಿನ ಪಕ್ಕಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು ಅದು ನೇರ ಕೆಳಗೆ ಬಂದಲ್ಲಿ ನೆಲದ ಮೇಲೂ ಗುರುತು ಹಾಕಿದೆ. ವಾಹನವನ್ನು ನೇರವಾಗಿ ತಳ್ಳಿ, ಗೆರೆ ಐದನೆಯ ಸಲ ಕೆಳಗೆ ಬಂದಲ್ಲಿ ಮತ್ತೊಂದು ಗುರುತು ಹಾಕಿದೆ. ಟೇಪು 11.91 ಮೀಟರ್ ತೋರಿಸಿತು. ಒಂದು ಸುತ್ತಿಗೆ 2.382 ಮೀಟರ್, ಕಿಲೋಮೀಟರಿಗೆ 419.8 ಸುತ್ತು.

ಆಕ್ಸಲಿನ ಅನುಪಾತವನ್ನೂ ಬಿಲ್ಲಿನಲ್ಲಿ ಬರೆದದ್ದನ್ನಷ್ಟೇ ನಂಬದೆ ಪರೀಕ್ಷಿಸಿದೆ. ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ, ಉಳಿದವುಗಳಿಗೆ ಭದ್ರವಾಗಿ ಅಡ್ಡಗಲ್ಲು ಕೊಟ್ಟು, ಎತ್ತಿದ ಚಕ್ರವನ್ನು ಪೂರ್ತಿ ಎರಡು ಸುತ್ತು ತಿರುಗಿಸಿದಾಗ ಪ್ರೊಪೆಲ್ಲರ್ ಶಾಫ್ಟ್ ನಾಲ್ಕು ಸುತ್ತಿಗಿಂತ ತುಸು ಹೆಚ್ಚು ತಿರುಗಿತು. ಒಂದು ಚಕ್ರ ನೆಲದ ಮೇಲೆ ಸ್ಥಿರವಾಗಿರುವಾಗ ಡಿಫರೆನ್ಷಿಯಲ್ ಅರ್ಧ ಸುತ್ತನ್ನು ಮಾತ್ರ ಒಳಕ್ಕೆ ದಾಟಿಸುವುದರಿಂದ ಒಂದರ ಬದಲು ಎರಡು ಸುತ್ತು ತಿರುಗಿಸಬೇಕು.

419.8ನ್ನು 4.10ರಿಂದ ಗುಣಿಸಿದರೆ ಕಿಲೋಮೀಟರಿಗೆ ಶಾಫ್ಟಿನ ಸುತ್ತು 1,721. ಅದನ್ನು 13ರಿಂದ ಗುಣಿಸಿ 32ರಿಂದ ಭಾಗಿಸಿದರೆ ಕೇಬಲಿನ ಸುತ್ತು 699. ನನ್ನ ಮೀಟರ್ ತಯಾರಾದದ್ದು ಮೈಲಿಗೆ 1,000 ಸುತ್ತಿನ ಕೇಬಲಿಗೆ. ಕಿಲೋಮೀಟರಿನ ಲೆಕ್ಕದಲ್ಲಿ 621.4. (ಕೆಲವು ಮೀಟರುಗಳಲ್ಲಿ ಈ ಸಂಖ್ಯೆಯನ್ನು ಡಯಲಿನ ಮೇಲೆಯೇ ಸಣ್ಣ ಅಂಕಿಯಲ್ಲಿ ಮುದ್ರಿಸಿರುತ್ತಾರೆ.) 699ನ್ನು 621.4ರಿಂದ ಭಾಗಿಸಿದಾಗ ಬಂದದ್ದು 1.125. ರಸ್ತೆಯಲ್ಲಿ ಅಳೆದ ಅಂಕಿಯೂ ಹಲ್ಲುಗಳಿಂದ ಬಂದ ಅಂಕಿಯೂ ಹೀಗೆ ಒಂದಾದದ್ದನ್ನು ಕಂಡು ನನಗಾದ ಸಮಾಧಾನ ಚಿಕ್ಕದಲ್ಲ.

ಇದೇ ಲೆಕ್ಕವನ್ನು ಕಾರ್ಖಾನೆಯ ಸ್ಥಿತಿಗೆ ಹಾಕಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಹಳೆಯ ಟೈರ್ ಉರುಳಿಸಲು ನನ್ನ ಬಳಿ ಉಳಿದಿರಲಿಲ್ಲ. ಅದರ ವ್ಯಾಸ ಕಾಗದದ ಮೇಲೆ 703.5 ಮಿ.ಮೀ.; ರೇಡಿಯಲ್ ಟೈರಿಗೆ ವ್ಯಾಸವನ್ನು 3.14ರಿಂದಲ್ಲ, 3.05ರಿಂದ ಗುಣಿಸಿ ಉರುಳುವ ಸುತ್ತಳತೆ ಪಡೆಯುವ ರೂಢಿ ಇರುವುದರಿಂದ 2,146 ಮಿ.ಮೀ. ಎಂದು ಹಿಡಿದೆ. ಕಿಲೋಮೀಟರಿಗೆ ಚಕ್ರದ 466 ಸುತ್ತು, 3.73ರ ಅನುಪಾತದಲ್ಲಿ ಶಾಫ್ಟಿನ 1,738 ಸುತ್ತು. ಈಗಿನದು 1,721. ಎರಡರ ನಡುವೆ ಶೇ. 1ರ ಅಂತರ ಮಾತ್ರ! ಟೈರ್ ಕಡಿಮೆ ಮಾಡಿದ್ದನ್ನು ಗೇರ್ ತಾನೇ ತುಂಬಿಕೊಟ್ಟಿತ್ತು. ಟೈರಿಗಾಗಿ ಹಾಕಿದ್ದ 32 ಹಲ್ಲಿನ ಪಿನಿಯನ್ ಈಗ ಇಲ್ಲದ ದೋಷವನ್ನು ತಿದ್ದುತ್ತಿತ್ತು.

ಮೂವತ್ತಾರು ಮತ್ತು ಮೂವತ್ತೇಳು

ಪಿನಿಯನ್ನಿನ ಹಲ್ಲು ಹೆಚ್ಚಾದಷ್ಟೂ ಕೇಬಲ್ ನಿಧಾನ. 32ನ್ನು ದೂರದ ದೋಷವಾದ 1.125ರಿಂದ ಗುಣಿಸಿದರೆ ಸರಿಯಾಗಿ 36; ಎಂದರೆ ಕಾರ್ಖಾನೆಯಲ್ಲಿ ಹಾಕಿದ್ದ ಪಿನಿಯನ್ನೇ. ವೇಗದ ದೋಷವಾದ 1.16ರಿಂದ ಗುಣಿಸಿದರೆ 37. ಫೋನಿನ ಜಿಪಿಎಸ್ ತೋರಿಸುವ ವೇಗವನ್ನೂ ಮುಳ್ಳನ್ನೂ ಹೋಲಿಸಿ ಸರಿಪಡಿಸ ಹೊರಟವರೆಲ್ಲ 37ಕ್ಕೆ ಬಂದು ನಿಲ್ಲುತ್ತಾರೆ, ಮುಳ್ಳು ಜಿಪಿಎಸ್‌ಗೆ ಸರಿಯಾಗಿ ಹೊಂದಿದ್ದನ್ನು ನೋಡಿ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಆದರೆ 37 ಹಾಕಿದರೆ ಓಡೋಮೀಟರ್ ಪ್ರತಿ 100 ಕಿ.ಮೀ.ಗೆ 97.3ನ್ನಷ್ಟೇ ಎಣಿಸುತ್ತದೆ. ಆಯಿಲ್ ಬದಲಾವಣೆ, ಸರ್ವಿಸ್, ಮಾರುವಾಗ ಕೊಳ್ಳುವವರಿಗೆ ಹೇಳುವ ಓಟ, ಎಲ್ಲವೂ ಆ ತಪ್ಪನ್ನು ಹೊತ್ತುಕೊಳ್ಳುತ್ತವೆ. ಮುಳ್ಳಿನಲ್ಲಿರುವ ಶೇ. 3ರ ಹೆಚ್ಚಳ ಚಾಲಕನ ರಕ್ಷಣೆಗೆ ಇಟ್ಟದ್ದು, ಅದನ್ನು ತೆಗೆಯಲು ದೂರದ ಎಣಿಕೆಯನ್ನು ಬಲಿಕೊಡುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. 36ನ್ನೇ ಆರಿಸಿದೆ.

ಹಳೆಯ ಪಿನಿಯನ್ ಪೆಟ್ಟಿಗೆಯಲ್ಲಿ ಉಳಿದಿತ್ತು. ಬಿಳಿಯ ಪ್ಲಾಸ್ಟಿಕ್ಕಿನ, ಹೆಬ್ಬೆರಳಿನಷ್ಟು ದಪ್ಪದ ತುಂಡು ಅದು. ಓರೆಯಾಗಿ ಸಾಗುವ ಹಲ್ಲುಗಳನ್ನು ಕಣ್ಣಳತೆಯಲ್ಲಿ ಎಣಿಸಿದರೆ ಒಂದು ಹೆಚ್ಚೋ ಕಡಿಮೆಯೋ ಆಗುತ್ತದೆ. ಒಂದು ಹಲ್ಲಿಗೆ ಮಸಿ ಹಚ್ಚಿ ಅಲ್ಲಿಂದ ಸುತ್ತು ಬರುವವರೆಗೆ ಎಣಿಸಿದೆ. ಹಲ್ಲುಗಳ ತುದಿ ಸವೆದಿಲ್ಲವೆಂದೂ ನೋಡಿಕೊಂಡೆ. ಈ ಬಗೆಯ ಟ್ರಾನ್ಸ್‌ಫರ್ ಕೇಸಿನಲ್ಲಿ ಪಿನಿಯನ್ ಹಿಡಿದಿರುವ ಗೂಡಿನ ರಂಧ್ರ ನಟ್ಟ ನಡುವಿನಲ್ಲಿಲ್ಲ, ಒಂದು ಬದಿಗೆ ಸರಿದಿದೆ. ಗೂಡನ್ನು ತಿರುಗಿಸಿ ಕೂರಿಸಿದಂತೆ ಪಿನಿಯನ್ ಓಡಿಸುವ ಗೇರಿಗೆ ಹತ್ತಿರವೋ ದೂರವೋ ಆಗುತ್ತದೆ, ಯಾವ ಸ್ಥಾನಕ್ಕೆ ಎಷ್ಟು ಹಲ್ಲಿನ ಪಿನಿಯನ್ ಎಂಬುದನ್ನು ಗೂಡಿನ ಮೇಲೆಯೇ ಕೊರೆದಿರುತ್ತಾರೆ. 32ರಿಂದ 38ರವರೆಗೆ ಒಂದೇ ಸ್ಥಾನವಾದ್ದರಿಂದ ನನಗೆ ಅದನ್ನು ಬದಲಿಸುವ ಅಗತ್ಯ ಬೀಳಲಿಲ್ಲ. ಬೇರೆ ವರ್ಗದ ಪಿನಿಯನ್ ಹಾಕುವವರು ಇದನ್ನು ಮರೆತರೆ ಹಲ್ಲುಗಳು ಅರ್ಧಂಬರ್ಧ ಕೂಡಿ ಕೆಲವೇ ದಿನಗಳಲ್ಲಿ ಪ್ಲಾಸ್ಟಿಕ್ ಪುಡಿಯಾಗುತ್ತದೆ. ಆಯಿಲ್ ಸೋರದಂತೆ ಹೊಸ ರಬ್ಬರ್ ಉಂಗುರ ಹಾಕಿ ಮುಚ್ಚಿದೆ.

ಅದೇ 40 ಕಿ.ಮೀ.ಯನ್ನು ಮತ್ತೆ ಓಡಿಸಿದಾಗ ಹೋಗುವಾಗ 40.0, ಬರುವಾಗ 40.1. ಜಿಪಿಎಸ್ 80 ಎಂದಾಗ ಮುಳ್ಳು 82 ಮತ್ತು 83ರ ನಡುವೆ ನಿಂತಿತು.

ಈ ಸ್ಥಿತಿ ಶಾಶ್ವತವಲ್ಲ. ತುಳಿಪಟ್ಟಿ 8 ಮಿ.ಮೀ. ಸವೆದರೆ ಟೈರಿನ ವ್ಯಾಸ 16 ಮಿ.ಮೀ. ಇಳಿಯುತ್ತದೆ, ಈ ಟೈರಿಗೆ ಅದು ಶೇ. 2. ಆಗ ಓಡೋಮೀಟರ್ ಅಷ್ಟು ಹೆಚ್ಚು ಎಣಿಸುತ್ತದೆ, ಮುಳ್ಳು ಶೇ. 5ರಷ್ಟು ಹೆಚ್ಚು ತೋರಿಸುತ್ತದೆ. ಎರಡೂ ಒಪ್ಪಬಹುದಾದ ಮಿತಿಯೊಳಗೆ ಇವೆ, ಮತ್ತು ಸವೆತ ಯಾವಾಗಲೂ ಹೆಚ್ಚು ತೋರಿಸುವ ಕಡೆಗೇ ಕೊಂಡೊಯ್ಯುತ್ತದೆ. ಆದ್ದರಿಂದ ಹೊಸ ಟೈರಿನಲ್ಲಿ ಅಳೆದು ಸರಿಪಡಿಸಿದ ಮೀಟರ್ ಮುಂದೆ ಕಡಿಮೆ ತೋರಿಸುವ ಭಯವಿಲ್ಲ. ಸವೆದ ಟೈರಿನಲ್ಲಿ ಅಳೆದು ಸರಿಪಡಿಸಿದವರು ಹೊಸ ಟೈರ್ ಹಾಕಿದ ದಿನ ಇನ್ನೊಮ್ಮೆ ನೋಡಬೇಕು.

ಉಳಿದದ್ದು ಈಗಾಗಲೇ ತಪ್ಪಾಗಿ ಸೇರಿಹೋದ ಕಿಲೋಮೀಟರುಗಳು. ಮೊದಲ ಹಂತದಲ್ಲಿ ಮೀಟರ್ 910 ತೋರಿಸಿದಾಗ ವಾಹನ ಓಡಿದ್ದು 1,000 ಕಿ.ಮೀ., ಏಕೆಂದರೆ ಆಗ ಅದು ಶೇ. 9 ಕಡಿಮೆ ಎಣಿಸುತ್ತಿತ್ತು. 32 ಹಲ್ಲಿನ ಪಿನಿಯನ್ ಹಳೆಯ ಆಕ್ಸಲಿನೊಂದಿಗೆ ಶೇ. 2.4 ಹೆಚ್ಚು ಎಣಿಸುತ್ತಿದ್ದದ್ದರಿಂದ 5,120ರಲ್ಲಿ ನಿಜವಾದದ್ದು 5,000. ಕೊನೆಯ 9,000ದಲ್ಲಿ ನಿಜವಾದದ್ದು 8,000. ಕೂಡಿ ಕಳೆದರೆ ಓಡೋಮೀಟರ್ ನಿಜಕ್ಕಿಂತ 1,030 ಕಿ.ಮೀ. ಮುಂದಿದೆ. ಅದನ್ನು ಹಿಂದಕ್ಕೆ ತಿರುಗಿಸುವ ಯೋಚನೆ ಮಾಡಲಿಲ್ಲ. ಉದ್ದೇಶ ಎಷ್ಟೇ ಪ್ರಾಮಾಣಿಕವಾಗಿದ್ದರೂ ಓಡೋಮೀಟರಿನ ಅಂಕಿಯನ್ನು ಕೈಯಿಂದ ಇಳಿಸುವುದು ಎಷ್ಟೋ ದೇಶಗಳಲ್ಲಿ ಅಪರಾಧ, ಮತ್ತು ಅದನ್ನು ಕಂಡ ಮುಂದಿನ ಮಾಲೀಕ ಉಳಿದ ಯಾವ ಅಂಕಿಯನ್ನೂ ನಂಬುವುದಿಲ್ಲ. ಬದಲಿಗೆ ವಾಹನದ ದಾಖಲೆ ಪುಸ್ತಕದಲ್ಲಿ ಮೂರು ಹಂತಗಳ ಅಂಕಿಗಳನ್ನೂ, ಟೈರಿನ ಅಳತೆ, ಆಕ್ಸಲಿನ ಹಲ್ಲುಗಳು, ಮೀಟರ್ ಪಿನಿಯನ್ನಿನ ಹಲ್ಲುಗಳನ್ನೂ ಬರೆದು, ‘ಓದಿನಿಂದ 1,030 ಕಳೆಯಬೇಕು’ ಎಂದು ದಿನಾಂಕ ಹಾಕಿ ಸಹಿ ಮಾಡಿದ್ದೇನೆ. ಟ್ರಾನ್ಸ್‌ಫರ್ ಕೇಸಿನ ಮೇಲೂ, ಮುಂದೆ ಕೈಹಾಕುವ ಮೆಕ್ಯಾನಿಕ್ಕಿನ ಕಣ್ಣಿಗೆ ಬೀಳುವಂತೆ, ‘13/36’ ಎಂದು ಬಣ್ಣದಲ್ಲಿ ಬರೆದಿಟ್ಟಿದ್ದೇನೆ.